ನಿಮಗಿದು ಗೊತ್ತೆ? ಮಳೆಗಾಲದಲ್ಲಿ ಕೋಳಿಗೆ ಮುಚ್ಚಿದ ಪರದೆಯೇ ಕಂಟಕ

ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈಯ ಬಿಸಿ ಕಳೆಯಬೇಕು. ಗಾಳಿಯೇ ಹಸಿಯಾಗಿದ್ದರೆ ಆ ಉಪಾಯ ಅಷ್ಟಾಗಿ ಫಲಿಸದು. ಹಾಗಾಗಿ ಬೇಲಾಪುರ, ಪನ್ವೇಲ್, ಉರಣ್ ಕಡೆಯ ತೇವದ ಹವೆಯಲ್ಲಿ ಕೋಳಿ ಶೆಡ್ಡಿಗೆ ಮಳೆಗಾಲದಲ್ಲಿ ಮೊದಲು ಬೇಕಾದದ್ದು ಗಾಳಿ. ಇರಚಲಿಗೆ ಹೆದರಿ ಪರದೆಗಳನ್ನೆಲ್ಲ ಮುಚ್ಚಿದರೆ ನೆಲಕ್ಕೆ ಹಾಸಿದ, ಹಿಕ್ಕೆ ಬೆರೆತ ಭತ್ತದ ಹೊಟ್ಟು ಒಣಗದೆ ಅಮೋನಿಯಾ ಏಳುತ್ತದೆ. ಅದು 25 ಪಿಪಿಎಂ ದಾಟಿತೆಂದರೆ ಕಣ್ಣು, ಶ್ವಾಸನಾಳ ಕೆರಳಿ ರೋಗಾಣುಗಳಿಗೆ ದಾರಿ ಸಲೀಸು. ದಿನವಿಡೀ ಒಳಗಿರುವವರ ಮೂಗು ಆ ವಾಸನೆಗೆ ಒಗ್ಗಿರುತ್ತದೆ, ನಂಬುವಂತಿಲ್ಲ. ಮುಷ್ಟಿಯಲ್ಲಿ ಹಿಂಡಿದ ಹೊಟ್ಟು ಕೈ ಬಿಚ್ಚಿದ ಮೇಲೂ ಉಂಡೆಯಾಗಿಯೇ ಉಳಿದರೆ ತೇವ ಮಿತಿಮೀರಿದೆ ಎಂದೇ ಲೆಕ್ಕ.

ಪರದೆ ತೆರೆದರೆ ಮರಿಗಳಿಗೆ ಚಳಿ ಹಿಡಿಯದೆ? ಮೊದಲ ವಾರ ಸುಮಾರು 32ರಿಂದ 34 ಡಿಗ್ರಿ ಶಾಖ ಬೇಕು, ನಿಜ. ಅದನ್ನು ಕೊಡಬೇಕಾದದ್ದು ಬ್ರೂಡರ್ ಎಂಬ ಶಾಖದ ಸಾಧನ, ಮುಚ್ಚಿದ ಪರದೆಯಲ್ಲ. ಕೆಳಗೆ ಬಿಗಿದು ಮೇಲಿನಿಂದ ತೆರೆಯುವ ಪರದೆಯಿದ್ದರೆ ಗಾಳಿ ಮರಿಗಳ ತಲೆಯ ಮೇಲೆ ಹಾದುಹೋಗುತ್ತದೆ. ಸೂರನ್ನು ಮೂರ್ನಾಲ್ಕು ಅಡಿ ಚಾಚಿದರೆ ಇರಚಲಿನ ಕಾಟವೂ ಕಡಿಮೆ. ತೆರೆದರೆ ಹಕ್ಕಿಜ್ವರ ಬಂದೀತೆಂಬ ಭಯ ಸುಳ್ಳಲ್ಲ: 2022ರ ಫೆಬ್ರವರಿಯಲ್ಲಿ ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಅದು ದೃಢಪಟ್ಟು ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಆದರೆ ಕಾಡುಹಕ್ಕಿಯನ್ನು ತಡೆಯಲು ಸಣ್ಣ ಕಣ್ಣಿನ ಜಾಲರಿ ಸಾಕು, ಅದು ಗಾಳಿಯನ್ನು ತಡೆಯುವುದಿಲ್ಲ. ಚಪ್ಪಲಿಯ ಜೊತೆ ಬರುವ ಸೋಂಕಿಗಂತೂ ಬಾಗಿಲಲ್ಲೇ ಔಷಧಿ ನೀರಿನ ತೊಟ್ಟಿ ಇಡಬೇಕು.