ಹೊಡೆದರಾಯಿತೇ? ಹುಡುಕಬೇಕು!

ಸೆಪ್ಟೆಂಬರ್ 1 ಬಂತೆಂದರೆ ಅಮೆರಿಕದ ಟೆಕ್ಸಾಸ್‌ನ ಹಳ್ಳಿಗಾಡಿಗೆ ಹಬ್ಬದ ಕಳೆ. ರಾಜ್ಯದ ಉತ್ತರ ಮತ್ತು ಮಧ್ಯ ವಲಯಗಳಲ್ಲಿ ಬೆಳವನ ಹಕ್ಕಿಯ ಬೇಟೆ ಶುರುವಾಗುವುದು ಅಂದೇ. ಸೂರ್ಯಕಾಂತಿ ಹೊಲದ ಅಂಚಿನಲ್ಲಿ ಬಕೆಟ್ ಬೋರಲು ಹಾಕಿ ಕೂತವರು ಕಾಳಿಗೆ ಬರುವ ಹಕ್ಕಿಗಳ ದಾರಿ ಕಾಯುತ್ತಾರೆ. ಹೆಚ್ಚಾಗಿ ಸಿಗುವುದು ಮೌರ್ನಿಂಗ್ ಡವ್. ತೂಕ ಸುಮಾರು 120 ಗ್ರಾಂ. ವೇಗ ಗಂಟೆಗೆ 80 ಕಿ.ಮೀ. ದಾಟುವುದೂ ಉಂಟು.

ಹೊಡೆಯುವುದು ಕಷ್ಟ, ನಿಜ. ಆದರೆ ಬೇಟೆಗಾರನ ಯೋಗ್ಯತೆ ತಿಳಿಯುವುದು ಹಕ್ಕಿ ಬಿದ್ದ ಮೇಲೆ.

ಒಣ ಕೂಳೆಯ ನಡುವೆ ಬಿದ್ದ ಬೂದುಗಂದು ಹಕ್ಕಿ ಕಣ್ಣೆದುರೇ ಮಾಯವಾಗುತ್ತದೆ. ಪಳಗಿದವರು ಬಿದ್ದ ಜಾಗದಿಂದ ದೃಷ್ಟಿ ಕೀಳುವುದಿಲ್ಲ. ಅದರ ನೇರಕ್ಕಿರುವ ಪೊದೆಯನ್ನೋ ಬೇಲಿಗೂಟವನ್ನೋ ಗುರುತಿಟ್ಟುಕೊಂಡು ನೆಟ್ಟಗೆ ನಡೆಯುತ್ತಾರೆ. ಅಷ್ಟರಲ್ಲಿ ತಲೆಮೇಲೆ ಹಾದ ಇನ್ನೊಂದಕ್ಕೆ ಆಸೆಪಟ್ಟು ಕೋವಿ ಎತ್ತಿದರೋ, ಮೊದಲನೆಯದು ಕೈಬಿಟ್ಟಂತೆಯೇ. ಸಿಗದಿದ್ದರೆ ಅಂದಾಜಿನ ಜಾಗದಲ್ಲಿ ಟೋಪಿ ಇಟ್ಟು, ಸುತ್ತು ಹಿಗ್ಗಿಸುತ್ತ ಹುಡುಕುತ್ತಾರೆ. ಈ ಹಕ್ಕಿಯ ಪುಕ್ಕ ಬಲು ಸಡಿಲ, ಹಾಗಾಗಿ ಉದುರಿದ ನಾಲ್ಕು ಗರಿಗಳೇ ಸುಳಿವು. ರೆಕ್ಕೆಗಷ್ಟೇ ಚರೆ ತಗುಲಿದ್ದರೆ ಅದು ಓಡಿ ಪೊದೆ ಸೇರಿರುತ್ತದೆ. ಪೊದೆಗೆ ಕೈಹಾಕುವ ಮುನ್ನ ನೋಡಲೇಬೇಕು. ಗಿಲಕಿ ಹಾವುಗಳ ಸೀಮೆಯದು.

ಲ್ಯಾಬ್ರಡಾರ್ ನಾಯಿ ಜೊತೆಗಿದ್ದರೆ ಮೂಗೇ ಅರ್ಧ ಕೆಲಸ ಮುಗಿಸುತ್ತದೆ. ಆದರೂ ಎಳೆಯ ನಾಯಿಗಳು ಬಾಯಿಗೆ ಅಂಟುವ ಪುಕ್ಕಕ್ಕೆ ಬೇಸತ್ತು ಹಕ್ಕಿಯನ್ನು ಉಗುಳಿಬಿಡುವುದುಂಟು. ಸೆಪ್ಟೆಂಬರ್ ಬಿಸಿಲಿಗೆ ನಾಯಿ ಕುಸಿದು ಸಾಯಲೂಬಹುದು. ಬಾಟಲಿ ನೀರು ಯಜಮಾನನಿಗಿಂತ ಮೊದಲು ಅದಕ್ಕೆ.

ಹುಡುಕುವುದು ಬರೀ ಸಭ್ಯತೆಯಲ್ಲ, ಕಾನೂನು. ಬಿದ್ದ ಹಕ್ಕಿಗಾಗಿ ತಕ್ಕಮಟ್ಟಿನ ಪ್ರಯತ್ನವನ್ನೂ ಮಾಡದೆ ಹೊರಟರೆ ಟೆಕ್ಸಾಸ್‌ನಲ್ಲಿ ಅಪರಾಧ. ಒಬ್ಬರಿಗೆ ದಿನಕ್ಕೆ 15 ಹಕ್ಕಿಯ ಮಿತಿ. ಕೋವಿಯಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯುವಂತಿಲ್ಲ. ಕಾಳು ಚೆಲ್ಲಿ ಕರೆದು ಹೊಡೆಯುವಂತಿಲ್ಲ. ಈ ಬಿಗಿಯ ಹಿಂದೆ ಕಹಿ ಇತಿಹಾಸವಿದೆ. ಒಂದು ಕಾಲಕ್ಕೆ ಆಕಾಶವನ್ನೇ ಕವಿಯುತ್ತಿದ್ದ ಪ್ಯಾಸೆಂಜರ್ ಪಾರಿವಾಳವನ್ನು ಲೆಕ್ಕವಿಲ್ಲದೆ ಹೊಡೆದು ಮುಗಿಸಿದ ದೇಶವದು. ಆ ಸಂತತಿಯ ಕೊನೆಯ ಹಕ್ಕಿ ಮಾರ್ಥಾ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತದ್ದು 1914ರಲ್ಲಿ, ಅದೂ ಸೆಪ್ಟೆಂಬರ್ 1ರಂದೇ! ನಾಲ್ಕು ವರ್ಷಕ್ಕೆ ವಲಸೆ ಹಕ್ಕಿಗಳ ಕಾಯ್ದೆ ಬಂತು. ಮೌರ್ನಿಂಗ್ ಡವ್‌ನ ಸಂಖ್ಯೆ ಇಂದಿಗೂ ಕೋಟಿಗಳಲ್ಲಿದೆ.

ಡಲ್ಲಾಸ್, ಹ್ಯೂಸ್ಟನ್‌ಗಳ ಕನ್ನಡಿಗರು ಅಲ್ಲಿನ ಗೆಳೆಯರ ಜೊತೆ ಹೊಲಕ್ಕೆ ಹೋಗುವುದಾದರೆ ಲೈಸೆನ್ಸ್ ಕಡ್ಡಾಯ. ಊರಿಗೆ ಬಂದಾಗ ಮಾತ್ರ ಆ ಆಸೆ ಬೇಡ: ಇಲ್ಲಿ ಬೆಳವ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.