ಮುಖವಾಡಕ್ಕಿಂತ ವದಂತಿಯೇ ಭಯಂಕರ

2024ರ ಜುಲೈ ಮೊದಲ ವಾರ ನಾನು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ, ಮಗಳ ಮನೆಯಲ್ಲಿದ್ದೆ. ಶನಿವಾರ ಮಧ್ಯಾಹ್ನ ಆಕೆ ನಮ್ಮನ್ನು ಅಲೆಘೆನಿ ನದಿಯ ದಂಡೆಯಲ್ಲಿರುವ ಡೇವಿಡ್ ಎಲ್. ಲಾರೆನ್ಸ್ ಸಮಾವೇಶ ಕೇಂದ್ರದ ಬಳಿಗೆ ಕರೆದೊಯ್ದಳು. ಬೀದಿಯ ಇಕ್ಕೆಲಗಳಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ನಡುವೆ ನರಿ, ತೋಳ, ಹುಲಿ, ಮೊಲಗಳ ವೇಷ ಧರಿಸಿದವರ ಮೆರವಣಿಗೆ ಸಾಗುತ್ತಿತ್ತು. ಆ ಸುಡುಬಿಸಿಲಿನಲ್ಲಿ ಮೈತುಂಬ ತುಪ್ಪಳದ ಉಡುಪು! ಮೊಮ್ಮಗಳು ಮುಂದೆ ಹೋಗಿ ನೀಲಿ ನರಿಯೊಂದರ ಕೈ ಕುಲುಕಿ ಬಂದಳು. ಕರಾವಳಿಯ ಹುಲಿವೇಷ ಕಂಡ ಕಣ್ಣಿಗೆ ವೇಷ ಹೊಸದಲ್ಲ. ಆದರೆ ಹರಕೆಯಿಲ್ಲ, ಹಬ್ಬವಿಲ್ಲ. ಓದುಬರಹ ಬಲ್ಲ ವಯಸ್ಕರಿಗೆ ಇದೆಂತಹ ಹುಚ್ಚು ಎಂದು ಮೊದಲಿಗೆ ನನಗೂ ಅನ್ನಿಸಿದ್ದುಂಟು.

ಇವರನ್ನು ‘ಫರ್ರಿ’ಗಳೆಂದು ಕರೆಯುತ್ತಾರೆ. ಮನುಷ್ಯರಂತೆ ಮಾತನಾಡುವ, ಎರಡು ಕಾಲಿನ ಮೇಲೆ ನಡೆಯುವ ಪ್ರಾಣಿಪಾತ್ರಗಳ ಬಗ್ಗೆ ವಿಶೇಷ ಒಲವುಳ್ಳವರ ಬಳಗ ಇದು. ನಮ್ಮ ಪಂಚತಂತ್ರದ ನರಿಗಳು ಇವರಿಗೆ ಅಪರಿಚಿತವೆನಿಸಲಾರವು. ಬಹುತೇಕರು ತಮಗಾಗಿ ಒಂದು ಪ್ರಾಣಿಪಾತ್ರವನ್ನು ಕಲ್ಪಿಸಿಕೊಂಡು ಅದರ ಚಿತ್ರ ಬರೆಯುತ್ತಾರೆ, ಕತೆ ಕಟ್ಟುತ್ತಾರೆ. ಪೂರ್ಣ ವೇಷ ತೊಡುವವರು ಅಲ್ಪಸಂಖ್ಯಾತರು. ಒಂದು ವೇಷಕ್ಕೆ ಹಲವು ಸಾವಿರ ಡಾಲರ್ ತಗಲುವುದೇ ಇದಕ್ಕೆ ಮುಖ್ಯ ಕಾರಣ. ತಾವು ನಿಜವಾಗಿಯೂ ಪ್ರಾಣಿಗಳೆಂದು ಇವರಲ್ಲಿ ಬಹುತೇಕರು ಭಾವಿಸಿಲ್ಲ. ಯಕ್ಷಗಾನದ ಕಲಾವಿದ ಚೌಕಿಯಲ್ಲಿ ಕಿರೀಟ ಇಳಿಸಿದ ಮೇಲೆ ಮನೆಗೆ ಹೋಗುವಂತೆ ಇವರೂ ಸೋಮವಾರ ಕಚೇರಿಗೆ ಹೋಗುತ್ತಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನ ಗಮನ ಸಹಜವಾಗಿಯೇ ವ್ಯವಹಾರದತ್ತ ಹರಿಯಿತು. ‘ಆಂಥ್ರೋಕಾನ್’ ಎಂಬ ಈ ಸಮಾವೇಶ 1997ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಆರಂಭವಾಗಿ, 2006ರಲ್ಲಿ ಪಿಟ್ಸ್‌ಬರ್ಗ್‌ಗೆ ಬಂದಿತು. ಆ ವರ್ಷ ಸೇರಿದವರು ಸುಮಾರು 2,500 ಮಂದಿ. 2024ರಲ್ಲಿ ಈ ಸಂಖ್ಯೆ 15 ಸಾವಿರವನ್ನು ದಾಟಿತ್ತು. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಬಡವಾದ ನಗರವೊಂದು ಅತಿಥಿಗಳ ವೇಷ ನೋಡಿ ಬಾಗಿಲು ಹಾಕಿಕೊಳ್ಳಲಿಲ್ಲ. ಸಮಾವೇಶ ಕೇಂದ್ರದ ಸಮೀಪದ ‘ಫರ್ನಾಂಡೋಸ್’ ಎಂಬ ಸಣ್ಣ ಉಪಾಹಾರ ಗೃಹ ಪ್ರತಿವರ್ಷ ಆ ದಿನಗಳಲ್ಲಿ ಇವರಿಗಾಗಿ ತನ್ನ ಹೆಸರನ್ನೇ ‘ಫರ್‌ನಾಂಡೋಸ್’ ಎಂದು ಬದಲಿಸಿಕೊಳ್ಳುತ್ತಿತ್ತು. ಅದು ಸಾಲದಲ್ಲಿ ಮುಳುಗಿದಾಗ ಈ ವೇಷಧಾರಿಗಳೇ ಚಂದಾ ಎತ್ತಿ 20 ಸಾವಿರ ಡಾಲರ್‌ಗೂ ಹೆಚ್ಚು ಹಣ ಕೂಡಿಸಿಕೊಟ್ಟರು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಇದೇ ಬಳಗದ ಹೆಸರಿನಲ್ಲಿ ಅಮೆರಿಕದಲ್ಲಿ ಹಬ್ಬಿದ ಒಂದು ಸುಳ್ಳು ನನ್ನನ್ನು ಕಾಡಿದೆ.

2021ರ ಡಿಸೆಂಬರ್‌ನಲ್ಲಿ ಮಿಷಿಗನ್ ರಾಜ್ಯದ ಮಿಡ್‌ಲ್ಯಾಂಡ್ ಪಟ್ಟಣದ ಶಾಲಾ ಮಂಡಳಿಯ ಸಭೆಯಲ್ಲಿ ಪೋಷಕರೊಬ್ಬರು ಒಂದು ದೂರು ಹೇಳಿದರು. ತಮ್ಮನ್ನು ಬೆಕ್ಕೆಂದು ಕರೆದುಕೊಳ್ಳುವ ಮಕ್ಕಳಿಗಾಗಿ ಶೌಚಾಲಯದಲ್ಲಿ ‘ಲಿಟರ್ ಬಾಕ್ಸ್’, ಅಂದರೆ ಸಾಕುಬೆಕ್ಕಿನ ಶೌಚಕ್ಕೆ ಇಡುವಂತಹ ಪೆಟ್ಟಿಗೆ, ಇಟ್ಟಿದ್ದಾರೆಂದು ತಾವು ಕೇಳಿದ್ದಾಗಿ ಅವರ ಮಾತು. ಅಂತಹದ್ದೇನೂ ಇಲ್ಲವೆಂದು ಶಿಕ್ಷಣಾಧಿಕಾರಿ ಸ್ಪಷ್ಟಪಡಿಸಿದರು. ಆದರೂ ಸುದ್ದಿ ರಾಜ್ಯದಿಂದ ರಾಜ್ಯಕ್ಕೆ ಹರಿಯಿತು. 2022ರ ಮಾರ್ಚ್‌ನಲ್ಲಿ ನೆಬ್ರಾಸ್ಕದ ಶಾಸಕ ಬ್ರೂಸ್ ಬೋಸ್ಟಲ್‌ಮನ್ ಸದನದಲ್ಲಿಯೇ ಇದನ್ನು ಹೇಳಿ, ನಿಜವಲ್ಲವೆಂದು ತಿಳಿದ ಬಳಿಕ ಕ್ಷಮೆ ಯಾಚಿಸಿದರು. ಅದೇ ವರ್ಷದ ಚುನಾವಣೆಯ ವೇಳೆಗೆ ಕನಿಷ್ಠ 20 ಮಂದಿ ಅಭ್ಯರ್ಥಿಗಳು ಹಾಗೂ ಜನಪ್ರತಿನಿಧಿಗಳು ಈ ಕತೆಯನ್ನು ಸಾರಿದ್ದರೆಂದು ಎನ್‌ಬಿಸಿ ಸುದ್ದಿಸಂಸ್ಥೆ ಲೆಕ್ಕಹಾಕಿತು. ಯಾವ ಶಾಲೆಯಲ್ಲೂ ಅದು ನಿಜವೆಂದು ಕಂಡುಬರಲಿಲ್ಲ.

ನಾನು ತಹಶೀಲ್ದಾರನಾಗಿದ್ದ ಕಾಲದಲ್ಲಿ ಒಂದು ತಾಲ್ಲೂಕಿನಲ್ಲಿ ಮುಂದಿನ ತಿಂಗಳಿಂದ ಸೀಮೆಎಣ್ಣೆ ಬರುವುದಿಲ್ಲವೆಂಬ ಸುದ್ದಿ ಹಬ್ಬಿತು. ದಾಸ್ತಾನು ಸಾಕಷ್ಟಿತ್ತು. ಆದರೆ ಜನ ಮುಗಿಬಿದ್ದು ಕೊಂಡ ಕಾರಣ ಮೂರೇ ದಿನಗಳಲ್ಲಿ ನ್ಯಾಯಬೆಲೆ ಅಂಗಡಿಗಳು ಬರಿದಾದವು. ನಾನು ನಿರಾಕರಣೆಯ ಪ್ರಕಟಣೆ ಹೊರಡಿಸಿದೆ. ಸರ್ಕಾರವೇ ಇಲ್ಲವೆನ್ನುತ್ತಿದೆಯೆಂದರೆ ಏನೋ ಇರಲೇಬೇಕು ಎಂದರು ಜನ. ಕೊನೆಗೆ ಊರಿನ ಹಿರಿಯರನ್ನು ಕರೆದು, ಸಗಟು ದಾಸ್ತಾನಿನ ಕೊಠಡಿಯ ಬೀಗ ತೆಗೆಸಿ, ಪೀಪಾಯಿಗಳನ್ನು ನೀವೇ ಎಣಿಸಿರೆಂದೆ. ಅಂದು ಸಂಜೆ ಸಾಲು ಕರಗಿತು. ಇರುವುದನ್ನು ಹೀಗೆ ತೋರಿಸಬಹುದು. ಇಲ್ಲದ ಪೆಟ್ಟಿಗೆಯನ್ನು ಆ ಶಿಕ್ಷಣಾಧಿಕಾರಿ ಹೇಗೆ ತೋರಿಸಿಯಾರು?

ವದಂತಿ ಕಾನೂನಿನ ಹೊಸ್ತಿಲವರೆಗೂ ಬಂದಿತು. 2024ರಲ್ಲಿ ಒಕ್ಲಹೋಮದ ಶಾಸಕರೊಬ್ಬರು ಮಂಡಿಸಿದ ಮಸೂದೆ, ಪ್ರಾಣಿಯಂತೆ ವರ್ತಿಸುವ ವಿದ್ಯಾರ್ಥಿಯನ್ನು ಪೋಷಕರು ಕರೆದೊಯ್ಯದಿದ್ದರೆ ಪ್ರಾಣಿ ನಿಯಂತ್ರಣ ಸಿಬ್ಬಂದಿಯನ್ನು ಕರೆಸಬೇಕೆಂದಿತು. 2025ರಲ್ಲಿ ಟೆಕ್ಸಾಸ್‌ನಲ್ಲಿಯೂ ಫರ್ರಿಗಳ ಹೆಸರನ್ನೇ ಹೊತ್ತ ಮಸೂದೆ ಬಂದಿತು. ಎರಡೂ ಕಾಯಿದೆಯಾಗಲಿಲ್ಲವೆನ್ನುವುದು ಸಮಾಧಾನ. ಅಂತರ್ಜಾಲದಲ್ಲಿ ಅಪರಿಚಿತರೊಡನೆ ಬೆರೆಯುವ ಮಕ್ಕಳ ಬಗ್ಗೆ ತಂದೆತಾಯಿಗಳಿಗೆ ಆತಂಕವಿರುವುದು ಸಹಜ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಆತಂಕಕ್ಕೆ ಉತ್ತರ ಮಗುವಿನೊಡನೆ ಕುಳಿತು ಮಾತನಾಡುವುದೇ ಹೊರತು ಇಲ್ಲದ ಪೆಟ್ಟಿಗೆಯ ವಿರುದ್ಧ ಶಾಸನ ರಚಿಸುವುದಲ್ಲ.

ಈ ಕತೆಯಲ್ಲಿ ಒಂದು ತುಣುಕು ಸತ್ಯವಿದೆ; ಅದೇ ಅತ್ಯಂತ ಕಠೋರವಾದುದು. ಬೆಕ್ಕಿನ ಶೌಚಕ್ಕೆ ಬಳಸುವ ಹರಳುಗಳನ್ನು ಒಂದು ಕಡೆ ತರಗತಿಗಳಲ್ಲಿ ನಿಜಕ್ಕೂ ಇಟ್ಟಿದ್ದರು. ಅದು ಕೊಲರಾಡೋ ರಾಜ್ಯದ ಜೆಫರ್ಸನ್ ಕೌಂಟಿ. 1999ರಲ್ಲಿ ಗುಂಡಿನ ದಾಳಿ ನಡೆದ ಕೊಲಂಬೈನ್ ಪ್ರೌಢಶಾಲೆ ಇರುವುದು ಅಲ್ಲಿಯೇ. ಬಂದೂಕುಧಾರಿ ಶಾಲೆಗೆ ನುಗ್ಗಿ, ಮಕ್ಕಳು ಗಂಟೆಗಟ್ಟಲೆ ಬಾಗಿಲು ಹಾಕಿಕೊಂಡು ಒಳಗೇ ಅಡಗಿರಬೇಕಾಗಿ ಬಂದರೆ ಶೌಚಕ್ಕೆಂದು, ತುರ್ತು ಸಾಮಗ್ರಿಯ ಬಕೆಟ್‌ಗಳಲ್ಲಿ 2017ರಿಂದ ಅದನ್ನೂ ಇಡಲಾಗಿತ್ತು. ಬೆಕ್ಕಾಗಲು ಬಯಸುವ ಮಗುವಿನ ಕತೆಗೆ ಬೆಚ್ಚಿಬಿದ್ದ ಸಮಾಜ, ಪ್ರಾಣಭಯದಿಂದ ಕತ್ತಲಲ್ಲಿ ಕೂರಬೇಕಾದ ಮಗುವಿಗೆ ಬಕೆಟ್ ಒದಗಿಸಿ ಸುಮ್ಮನಾಯಿತಲ್ಲ!

ಇದು ದೂರದ ದೇಶದ ಮಾತೆಂದು ನಾವು ನಗುವಂತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಅಪರಿಚಿತನ ಬಗೆಗಿನ ಅಂಜಿಕೆಗೆ ಒಂದು ಕತೆ ಸಿಕ್ಕರೆ ಸಾಕು, ಪರಿಶೀಲನೆ ಯಾರಿಗೂ ಬೇಡವಾಗುತ್ತದೆ.

ಅಪರಿಚಿತರು ಮುಖಾಮುಖಿಯಾದರೆ ಏನಾಗುತ್ತದೆ ಎಂಬುದಕ್ಕೂ ಒಂದು ನಿದರ್ಶನವಿದೆ. 2016ರ ಮಾರ್ಚ್‌ನಲ್ಲಿ ಕೆನಡಾದ ವ್ಯಾಂಕೂವರ್ ಬಳಿಯ ಹೋಟೆಲೊಂದರಲ್ಲಿ ಫರ್ರಿ ಸಮಾವೇಶ ಏರ್ಪಟ್ಟಿತ್ತು. ಯುದ್ಧದಿಂದ ಪಾರಾಗಿ ಬಂದ ಸಿರಿಯಾದ ನಿರಾಶ್ರಿತ ಕುಟುಂಬಗಳಿಗೂ ಅದೇ ಹೋಟೆಲಿನಲ್ಲಿ ತಾತ್ಕಾಲಿಕ ವಸತಿ ಕಲ್ಪಿಸಲಾಗಿತ್ತು. ಹೊಸ ಅತಿಥಿಗಳು ಹೆದರದಂತೆ ನಡೆದುಕೊಳ್ಳಿರೆಂದು ಸಂಘಟಕರು ತಮ್ಮವರಿಗೆ ಮೊದಲೇ ತಿಳಿಹೇಳಿದ್ದರು. ಮಕ್ಕಳು ಹೆದರಲಿಲ್ಲ. ಮೊಗಸಾಲೆಯಲ್ಲಿ ಕಂಡ ತೋಳ, ನರಿಗಳನ್ನು ತಬ್ಬಿಕೊಂಡು ಕುಣಿದರು. ಆ ಮಕ್ಕಳಿಗೆ ಯಾರೂ ಯಾವ ಕತೆಯನ್ನೂ ಮೊದಲೇ ಹೇಳಿರಲಿಲ್ಲ.