ಕೂದಲೆಳೆಯ ಸಂದಿನಲ್ಲಿ ಎಂಜಿನ್ ಆಯುಸ್ಸು

ಲೇತ್ ಅಂಗಡಿಯಿಂದ ಬಂದ ಬಿಡಿಭಾಗಗಳನ್ನು ಜೋಡಿಸುವ ಮುನ್ನ ತೊಳೆಯಿರಿ, ತಟ್ಟಿ ನೋಡಿ, ಅಳೆಯಿರಿ. ಅಜ್ಜ–ಮೊಮ್ಮಕ್ಕಳು ಕೂಡಿ ಮಾಡಬಹುದಾದ ಕೆಲಸ ಇದು.

ಕೆಲವು ಮನೆಗಳ ಶೆಡ್ಡಿನಲ್ಲಿ ಇಂದಿಗೂ ಒಂದು ಪ್ರೀಮಿಯರ್ ಪದ್ಮಿನಿ ಟಾರ್ಪಾಲು ಹೊದ್ದು ನಿಂತಿರುತ್ತದೆ. ಅಜ್ಜಂದಿರ ಬಾಯಲ್ಲಿ ಅದು ಈಗಲೂ ‘ಫಿಯೆಟ್ಟು’. ಮದುವೆಗೆ, ಜಾತ್ರೆಗೆ, ಹೆರಿಗೆ ಆಸ್ಪತ್ರೆಗೆ ಓಡಾಡಿದ ಆ ಕಾರನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ‘ಎಂಜಿನ್ ಇಳಿಸಿ ಮಾಡಿಸೋಣ’ ಎಂದು ಒಂದು ದಿನ ತೀರ್ಮಾನವಾಗುತ್ತದೆ.

ಎಂಜಿನ್ ಬಿಚ್ಚುತ್ತಾರೆ. ಸವೆದ ಭಾಗಗಳು ಬೋರಿಂಗ್, ಗ್ರೈಂಡಿಂಗ್ ಮಾಡುವ ಅಂಗಡಿಗೆ ಹೋಗಿ, ಬೆಳ್ಳಿಯಂತೆ ಮಿರಮಿರ ಮಿಂಚುತ್ತಾ ಮರಳುತ್ತವೆ. ನೋಡಿದೊಡನೆ ಜೋಡಿಸಿಬಿಡುವ ಆತುರ ಹುಟ್ಟುತ್ತದೆ. ಮೊದಲ ಸಲ ಎಂಜಿನ್ ಕಟ್ಟುವವರು ಎಡವುವುದು ಇಲ್ಲೇ. ಮಿಂಚಿದ್ದೆಲ್ಲ ಸರಿಯಾದ ಅಳತೆಯಲ್ಲಿ ಇರಬೇಕೆಂದೇನೂ ಇಲ್ಲ.

ಎಷ್ಟು ಸಣ್ಣ ಲೆಕ್ಕ?

ಪದ್ಮಿನಿಯ ಎಂಜಿನ್‌ಗೆ ನಾಲ್ಕು ಸಿಲಿಂಡರ್. ಒಂದೊಂದರ ಅಗಲ 68 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಒಟ್ಟು 1089 ಸಿ.ಸಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಇಷ್ಟೆಲ್ಲ ಓಡಾಟ ನಡೆಯುವುದು ಒಂದು ಕೂದಲೆಳೆಗಿಂತ ಕಿರಿದಾದ ಸಂದಿನಲ್ಲಿ!

ನಮ್ಮ ತಲೆಗೂದಲಿನ ದಪ್ಪ ಸುಮಾರು 0.05ರಿಂದ 0.1 ಮಿ.ಮೀ. ಕ್ರ್ಯಾಂಕ್‌ಶಾಫ್ಟಿಗೂ ಅದು ಕೂರುವ ಬೇರಿಂಗಿಗೂ ನಡುವೆ ಇರುವ ಸಂದು ಹಲವು ಎಂಜಿನ್‌ಗಳಲ್ಲಿ 0.03ರಿಂದ 0.06 ಮಿ.ಮೀ. ಅಷ್ಟೆ. ಆ ಸಂದಿನಲ್ಲಿ ಆಯಿಲ್‌ನ ತೆಳುಪದರ ನಿಂತು, ಲೋಹಕ್ಕೆ ಲೋಹ ತಾಗದಂತೆ ಕಾಯುತ್ತದೆ. ಸಂದು ಕಡಿಮೆಯಾದರೆ ಆಯಿಲ್ ನಿಲ್ಲಲು ಜಾಗವಿಲ್ಲದೆ ಎಂಜಿನ್ ಸೀಜ್ ಆಗುತ್ತದೆ. ಹೆಚ್ಚಾದರೆ ಆಯಿಲ್ ಸೋರಿ ಒತ್ತಡ ಇಳಿದು, ಒಳಗೆ ಕಟಕಟ ಸದ್ದು ಶುರುವಾಗುತ್ತದೆ.

ಮೊದಲು ಸ್ನಾನ

ಅಳೆಯುವ ಮೊದಲು ತೊಳೆಯಬೇಕು. ಬೋರಿಂಗ್, ಹೋನಿಂಗ್ ಮಾಡಿದ ಬ್ಲಾಕಿನಲ್ಲಿ ಲೋಹದ ಪುಡಿ ಮತ್ತು ಸಾಣೆಕಲ್ಲಿನ ಪುಡಿ ಉಳಿದಿರುತ್ತದೆ. ಬರೀ ಸೀಮೆಎಣ್ಣೆಯಲ್ಲಿ ಒರೆಸಿದರೆ ಅದು ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಬೇಕು. ಬಿಳಿ ಬಟ್ಟೆಯಿಂದ ಸಿಲಿಂಡರಿನ ಒಳಗೋಡೆ ಒರೆಸಿ. ಬಟ್ಟೆಗೆ ಬೂದುಬಣ್ಣ ಹತ್ತಿದರೆ ಮತ್ತೆ ತೊಳೆಯಿರಿ. ಬಟ್ಟೆ ಬೆಳ್ಳಗೇ ಉಳಿದಾಗ ಸ್ನಾನ ಮುಗಿದಂತೆ. ಒಣಗಿಸಿದ ಕೂಡಲೇ ಆಯಿಲ್ ಸವರಿ. ತಡಮಾಡಿದರೆ ಹೊಸದಾಗಿ ಕೊರೆದ ಎರಕದ ಕಬ್ಬಿಣಕ್ಕೆ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಕ್ರ್ಯಾಂಕ್‌ಶಾಫ್ಟಿನ ಒಳಗೂ ಆಯಿಲ್ ಹರಿಯುವ ಸಣ್ಣ ಕಾಲುವೆಗಳಿವೆ. ಅಲ್ಲಿ ಚಿಟಿಕೆಯಷ್ಟು ಪುಡಿ ಅಡಗಿದ್ದರೂ ಎಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಹೊಸ ಬೇರಿಂಗನ್ನು ಗೀರಿ ಹಾಳುಮಾಡುತ್ತದೆ. ಮಾಡಿಸಿದ ಗ್ರೈಂಡಿಂಗ್ ದುಡ್ಡೆಲ್ಲ ನೀರಿಗೆ ಹಾಕಿದಂತೆ. ಪ್ರತಿ ರಂಧ್ರಕ್ಕೂ ಉದ್ದನೆಯ ಸಣ್ಣ ಬ್ರಷ್ ತೂರಿಸಿ, ಗಾಳಿ ಹೊಡೆದು ನೋಡಿ. ಗಾಳಿ ಹೊಡೆಯುವ ಕೆಲಸ ದೊಡ್ಡವರದು, ಅದೂ ಕನ್ನಡಕ ಹಾಕಿಕೊಂಡು. ಮಕ್ಕಳು ದೂರ ನಿಲ್ಲಬೇಕು.

ಮಡಕೆ ತಟ್ಟಿದಂತೆ

ಸಂತೆಯಲ್ಲಿ ಅಜ್ಜಿ ಮಡಕೆ ಕೊಳ್ಳುವುದನ್ನು ನೋಡಿದ್ದೀರಾ? ಬೆರಳಿನಿಂದ ಟಣ್ ಎಂದು ತಟ್ಟುತ್ತಾರೆ. ಸೀಳಿದ್ದರೆ ದನಿ ಬೊದ್ದಾಗಿ ಕೇಳುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಕ್ರ್ಯಾಂಕ್‌ಶಾಫ್ಟನ್ನೂ ಹೀಗೆಯೇ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಗಂಟೆಯಂತೆ ಮೊಳಗಿದರೆ ಒಳ್ಳೆಯ ಲಕ್ಷಣ, ಬೊದ್ದು ಸದ್ದು ಬಂದರೆ ಅನುಮಾನ. ಕೂದಲೆಳೆ ಬಿರುಕನ್ನು ಖಚಿತಪಡಿಸಲು ಅಯಸ್ಕಾಂತದ ಪರೀಕ್ಷೆಯನ್ನೇ ಮಾಡಿಸಬೇಕು.

ಕಣ್ಣಿಗೂ ಕೆಲಸವಿದೆ. ಕ್ರ್ಯಾಂಕ್‌ಶಾಫ್ಟಿನಲ್ಲಿ ಬೇರಿಂಗ್ ಕೂರುವ ದುಂಡು ಭಾಗಕ್ಕೆ ‘ಜರ್ನಲ್’ ಎನ್ನುತ್ತಾರೆ. ಅದರ ಅಂಚು ಪಕ್ಕದ ಗೋಡೆಗೆ ಸೇರುವಲ್ಲಿ ನುಣುಪಾದ ಬಾಗು ಇರಬೇಕು. ಮೂಲೆ ಚೂಪಾಗಿದ್ದರೆ ಮುಂದೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಆಯಿಲ್ ರಂಧ್ರದ ಬಾಯಿಯೂ ಚೂಪಾಗಿರಬಾರದು. ಅದು ಬೇರಿಂಗನ್ನು ಉಳಿಯಂತೆ ಕೆರೆಯುತ್ತದೆ.

ಒಂದಲ್ಲ, 24 ಅಳತೆ

ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲ್ಭಾಗದಲ್ಲಿ ಹೆಚ್ಚು ಸವೆದು ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದನ್ನು ಮತ್ತೆ ಗುಂಡಗೆ ಕೊರೆಸಿ, ಒಂದು ಅಳತೆ ದೊಡ್ಡದಾದ ‘ಓವರ್‌ಸೈಜ್’ ಪಿಸ್ಟನ್ ಹಾಕುತ್ತಾರೆ. ಕೊರೆದದ್ದು ನಿಜಕ್ಕೂ ಗುಂಡಗಿದೆಯೇ ಎಂದು ತಿಳಿಯಲು ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಅಳೆಯಬೇಕು; ಪ್ರತಿ ಎತ್ತರದಲ್ಲೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಒಂದು ಸಿಲಿಂಡರಿಗೆ ಆರು, ನಾಲ್ಕಕ್ಕೆ 24 ಅಳತೆ.

ಈಗ ಪಿಸ್ಟನ್. ತಮಾಷೆಯೆಂದರೆ ಪಿಸ್ಟನ್ ಪೂರ್ತಿ ಗುಂಡಗಿರುವುದಿಲ್ಲ! ಬಿಸಿಯಾದಾಗ ಹಿಗ್ಗಿ ಗುಂಡಗಾಗಲೆಂದು ಬೇಕೆಂದೇ ಅದನ್ನು ತುಸು ಅಂಡಾಕಾರವಾಗಿ ಮಾಡಿರುತ್ತಾರೆ. ಆದ್ದರಿಂದ ಪಿನ್ನಿಗೆ ಅಡ್ಡಲಾಗಿ, ತಯಾರಕರು ಹೇಳಿದ ಜಾಗದಲ್ಲೇ ಮೈಕ್ರೋಮೀಟರ್ ಹಿಡಿಯಬೇಕು. ಸಿಲಿಂಡರ್ 68.50, ಪಿಸ್ಟನ್ 68.46 ಎಂದಾದರೆ ಸಂದು ಎಷ್ಟು? ಕಳೆಯುವ ಲೆಕ್ಕ, 0.04 ಮಿ.ಮೀ. ಇದು ಆ ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗಿದ್ದರೆ ಸರಿ.

ಅಳೆಯುವ ಹೊತ್ತೂ ಮುಖ್ಯ. ಲೋಹ ಬಿಸಿಗೆ ಹಿಗ್ಗುತ್ತದೆ. 68 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಿಸ್ಟನ್ 10 ಡಿಗ್ರಿ ಹೆಚ್ಚು ಕಾದರೆ ಸುಮಾರು 0.015 ಮಿ.ಮೀ. ದೊಡ್ಡದಾಗುತ್ತದೆ. ಬಿಸಿಲಲ್ಲಿಟ್ಟ ಪಿಸ್ಟನ್ನನ್ನು ನೆರಳಲ್ಲಿದ್ದ ಬ್ಲಾಕಿನ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎಲ್ಲವನ್ನೂ ಹಿಂದಿನ ರಾತ್ರಿಯೇ ಒಂದೇ ಕೋಣೆಯಲ್ಲಿಟ್ಟು ಬೆಳಿಗ್ಗೆ ಅಳೆಯಿರಿ.

ರಿಂಗು, ಹೆಡ್, ವಾಲ್ವ್

ಪಿಸ್ಟನ್ ರಿಂಗನ್ನು ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ, ಅದರ ಎರಡು ತುದಿಗಳ ನಡುವಿನ ಬಿರುಕನ್ನು ಫೀಲರ್ ಗೇಜಿನಿಂದ ನೋಡಬೇಕು. ಬಿರುಕು ತೀರಾ ಕಡಿಮೆಯಿದ್ದರೆ, ಬಿಸಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ಗುದ್ದಿ ರಿಂಗು ಮುರಿಯಬಹುದು.

ಹೆಡ್ಡಿನ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ ತೂರುತ್ತದೆಯೇ ನೋಡಿ. ಬಾಗಿದ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ವಾಲ್ವ್ ಪರೀಕ್ಷೆಯಂತೂ ಸುಲಭ: ಪ್ಲಗ್‌ಗಳನ್ನು ಹಾಕಿ, ಹೆಡ್ಡನ್ನು ಬೋರಲು ಮಾಡಿ, ಗುಳಿಗಳಿಗೆ ಸೀಮೆಎಣ್ಣೆ ತುಂಬಿಸಿ ಕಾಯಿರಿ. ಬೆಂಕಿ, ಬೀಡಿ ಹತ್ತಿರ ಸುಳಿಯಬಾರದು. ಪಕ್ಕದ ರಂಧ್ರಗಳಲ್ಲಿ ಎಣ್ಣೆ ಜಿನುಗಿದರೆ ವಾಲ್ವ್ ಸರಿಯಾಗಿ ಕೂತಿಲ್ಲ.

ಬರೆದಿಟ್ಟ ಪುಸ್ತಕ

ಕೊನೆಗೆ ಬೇರಿಂಗ್ ಹಾಕಿ, ಆಯಿಲ್ ಬಿಟ್ಟು, ಕ್ರ್ಯಾಂಕ್‌ಶಾಫ್ಟ್ ಕೂರಿಸಿ, ಕ್ಯಾಪುಗಳನ್ನು ಅವವುಗಳ ಜಾಗದಲ್ಲೇ ಇಟ್ಟು ಬಿಗಿದ ಮೇಲೆ, ಕೈಯಿಂದ ತಿರುಗಿಸಿ. ಹಿಡಿಯದೆ ಸರಾಗವಾಗಿ ತಿರುಗಬೇಕು. ಒಂದು ಕಡೆ ಬಿಗಿಯೆನಿಸಿದರೆ ಒತ್ತಾಯ ಮಾಡದೆ ಬಿಚ್ಚಿ. ಅಳತೆ ಮಿತಿ ಮೀರಿದ್ದರೆ ಭಾಗವನ್ನು ಅಂಗಡಿಗೆ ಮರಳಿಸಿ, ಸಂಖ್ಯೆ ತೋರಿಸಿ ಕೇಳಿ. ‘ಯಾಕೋ ಸರಿಯಿಲ್ಲ’ ಎಂದರೆ ವಾದ ಬೆಳೆಯುತ್ತದೆ. ‘ಎರಡನೇ ಸಿಲಿಂಡರ್ ಮೇಲೆ 0.03 ಹೆಚ್ಚಿದೆ’ ಎಂದರೆ ಅವರೇ ಗೇಜ್ ಹಿಡಿದು ನೋಡುತ್ತಾರೆ.

ಅದಕ್ಕೇ ಒಂದು ನೋಟ್‌ಬುಕ್ ಬೇಕು. ಅಜ್ಜನಿಗೆ ಕೈ ಅನುಭವವಿದೆ, ಆದರೆ ಮೈಕ್ರೋಮೀಟರಿನ ಸಣ್ಣ ಗೆರೆ ಕಾಣಿಸದು. ಮೊಮ್ಮಗಳ ಕಣ್ಣು ಚುರುಕು. ಅಜ್ಜ ಹಿಡಿಯಲಿ, ಅವಳು ಓದಿ ಬರೆಯಲಿ. ಒಂದೇ ಜಾಗವನ್ನು ಇಬ್ಬರೂ ಒಮ್ಮೊಮ್ಮೆ ಅಳೆದು, ಉತ್ತರ ಒಂದೇ ಬಂದರೆ ಮಾತ್ರ ಮುಂದಕ್ಕೆ ಹೋಗಲಿ.

ನೀವೂ ಮಾಡಿ ನೋಡಿ

ಮೈಕ್ರೋಮೀಟರ್ ಇಲ್ಲದೆಯೂ ಕಾಗದದ ದಪ್ಪ ಅಳೆಯಬಹುದು. ಪಠ್ಯಪುಸ್ತಕದ 100 ಹಾಳೆಗಳನ್ನು ಎಣಿಸಿ (ಪುಟಗಳಲ್ಲ, ಹಾಳೆಗಳು), ಒತ್ತಿ ಹಿಡಿದು ಸ್ಕೇಲಿನಿಂದ ದಪ್ಪ ನೋಡಿ, 100ರಿಂದ ಭಾಗಿಸಿ. 8 ಮಿ.ಮೀ. ಬಂದರೆ ಒಂದು ಹಾಳೆ 0.08 ಮಿ.ಮೀ. ಎಂಜಿನ್ ಬೇರಿಂಗಿನ ಸಂದು ಅದರ ಅರ್ಧದಷ್ಟು! ಶಾಲೆಯ ಪ್ರಯೋಗಾಲಯದಲ್ಲಿ ಸ್ಕ್ರೂಗೇಜ್ ಇದ್ದರೆ ಅದೇ ಹಾಳೆಯನ್ನು ಅಳೆದು, ನಿಮ್ಮ ಲೆಕ್ಕ ಎಷ್ಟು ಹತ್ತಿರ ಬಂತೆಂದು ತಾಳೆ ನೋಡಿ.